ಗೀತೆಯನ್ನು ಕೇಳಿದ ಇಬ್ಬರು

ಭಗವದ್ಗೀತೆಯ ಮೇಲೆ ಹುಟ್ಟಿರುವಷ್ಟು ವ್ಯಾಖ್ಯಾನಗಳು ನಮ್ಮ ದೇಶದ ಬೇರೆ ಗ್ರಂಥಗಳ ಮೇಲೆ ಹುಟ್ಟಿರುವುದು ಅಪರೂಪ. ಶಂಕರ, ರಾಮಾನುಜ, ಮಧ್ವರು ಗೀತೆಗೆ ಭಾಷ್ಯ ಬರೆದಾಗ ಅವರ ಮುಂದಿದ್ದ ಮುಖ್ಯ ಪ್ರಶ್ನೆ ತತ್ತ್ವದ್ದು: ಜೀವ ಯಾವುದು, ಬ್ರಹ್ಮ ಯಾವುದು, ಅವೆರಡರ ಸಂಬಂಧ ಎಂಥದು? ಇಪ್ಪತ್ತನೆಯ ಶತಮಾನದಲ್ಲಿ ಗೀತೆಯನ್ನು ಕೈಗೆತ್ತಿಕೊಂಡ ತಿಲಕ, ಗಾಂಧಿ, ವಿನೋಬಾ, ಡಿ.ವಿ.ಜಿ. ಮೊದಲಾದವರ ಪ್ರಶ್ನೆ ಬೇರೆ. ನಾನು ಹೇಗೆ ಬದುಕಬೇಕು, ನನ್ನೊಳಗೆ ಏನು ಬದಲಾಗಬೇಕು ಎಂಬುದು ಅವರ ಚಿಂತೆ. ಈ ಬದಲಾವಣೆಯಿಂದ ನಮಗಾದ ಲಾಭ ದೊಡ್ಡದು. ಪಂಡಿತರ ವಾದಸಭೆಯಲ್ಲಿದ್ದ ಗ್ರಂಥ ಕಛೇರಿಗೆ ಹೋಗಿಬರುವ ಗುಮಾಸ್ತನ ಕೈಗೂ ಅಡಿಗೆಮನೆಯ ಗೃಹಿಣಿಯ ಕೈಗೂ ಬಂದಿತು.

ಹೀಗೆ ಬಂದ ಗೀತೆಯ ಜೊತೆಗೆ ಒಂದು ಅರ್ಥವಿವರಣೆಯೂ ಬಂದಿದೆ. ಮಾಟುಂಗದ ಸಭಾಗೃಹವಿರಲಿ, ದೆಹಲಿಯ ಬಡಾವಣೆಯ ಸತ್ಸಂಗವಿರಲಿ, ಪ್ರವಚನ ನಡೆದಲ್ಲೆಲ್ಲ ಅದು ಕಿವಿಗೆ ಬೀಳುತ್ತದೆ. ಕುರುಕ್ಷೇತ್ರವೆಂದರೆ ನಮ್ಮ ಅಂತರಂಗ; ಪಾಂಡವರು ನಮ್ಮ ಸದ್ಗುಣಗಳು, ಕೌರವರು ದುರ್ಗುಣಗಳು; ರಥ ನಮ್ಮ ಶರೀರ, ಕುದುರೆಗಳು ಇಂದ್ರಿಯಗಳು, ಸಾರಥಿ ಪರಮಾತ್ಮ. ಹೀಗೆ ಓದಿದರೆ ಗೀತೆ ಆತ್ಮಪರಿವರ್ತನೆಯ ಕೈಪಿಡಿಯಾಗುತ್ತದೆ ಎನ್ನುತ್ತಾರೆ. ಈ ಓದು ನಮ್ಮನ್ನು ನಿಜವಾಗಿ ಎಷ್ಟು ದೂರ ಕರೆದೊಯ್ಯುತ್ತದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ರೂಪಕಕ್ಕೆ ಆಕರ್ಷಣೆಯಿದೆ ಎಂಬುದನ್ನು ಅಲ್ಲಗಳೆಯಲಾಗದು. ದಯೆ, ಅಹಿಂಸೆಗಳನ್ನು ಹೇಳುವ ಗ್ರಂಥ ಯುದ್ಧ ಮಾಡೆಂದು ಏಕೆ ಹೇಳುತ್ತದೆ ಎಂಬ ತೊಡಕು ಅದರಿಂದ ಒಮ್ಮೆಗೇ ಬಿಡಿಸಿಹೋಗುತ್ತದೆ. ಆದರೆ ಸ್ವಲ್ಪ ನಿಧಾನವಾಗಿ ನೋಡಿದರೆ ಕೆಲವು ಗಂಟುಗಳು ಉಳಿದೇ ಇರುತ್ತವೆ. ಮೊದಲನೆಯದಾಗಿ, ಶರೀರವೇ ರಥ, ಇಂದ್ರಿಯಗಳೇ ಕುದುರೆ ಎಂಬ ಚಿತ್ರ ಕಠೋಪನಿಷತ್ತಿನದು. ಗೀತೆ ತನ್ನ ರಥವನ್ನು ಎಲ್ಲಿಯೂ ಹಾಗೆ ವಿವರಿಸಿಲ್ಲ. ಎರಡನೆಯದಾಗಿ, ದುರ್ಯೋಧನನನ್ನು ಕಾಮವೆಂದೋ ಲೋಭವೆಂದೋ ಕರೆದು ಮುಗಿಸಬಹುದು. ಭೀಷ್ಮನನ್ನು ಏನೆಂದು ಕರೆಯುವುದು? ದ್ರೋಣನನ್ನು? ಎರಡನೆಯ ಅಧ್ಯಾಯದ ಆರಂಭದಲ್ಲಿ ಅರ್ಜುನ ಹೆಸರು ಹಿಡಿದು ಸಂಕಟಪಡುವುದು ಇವರಿಬ್ಬರಿಗಾಗಿ. ಪೂಜೆಗೆ ಯೋಗ್ಯರಾದವರ ಮೇಲೆ ಬಾಣ ಬಿಡುವುದು ಹೇಗೆ ಎಂಬುದು ಅವನ ಅಳಲು. ಗೀತೆ ಮುಗಿದ ಕೂಡಲೆ ಧರ್ಮರಾಯ ಕವಚ ಕಳಚಿಟ್ಟು, ಕಾಲ್ನಡಿಗೆಯಲ್ಲಿ ಶತ್ರುಸೇನೆಯೊಳಕ್ಕೆ ಹೋಗಿ, ಭೀಷ್ಮ ದ್ರೋಣ ಕೃಪ ಶಲ್ಯರ ಆಶೀರ್ವಾದ ಬೇಡುತ್ತಾನೆ. ಕೌರವಸೇನೆಯೆಲ್ಲ ನಮ್ಮೊಳಗಿನ ದುರ್ಗುಣಗಳಾದರೆ ಈ ನಮಸ್ಕಾರ ಯಾರಿಗೆ? ರೂಪಕವು ದುರ್ಯೋಧನನನ್ನು ಜೀರ್ಣಿಸಿಕೊಳ್ಳುತ್ತದೆ, ಭೀಷ್ಮನನ್ನು ಜೀರ್ಣಿಸಿಕೊಳ್ಳಲಾರದು. ಅಷ್ಟರಮಟ್ಟಿಗೆ ಅರ್ಜುನನ ನಿಜವಾದ ಸಂಕಟವೂ ಅದರಲ್ಲಿ ಕರಗಿಹೋಗುತ್ತದೆ.

ಇದಕ್ಕಿಂತ ಮುಖ್ಯವಾದ ಮತ್ತೊಂದು ಆಕ್ಷೇಪವಿದೆ. ಈ ರೂಪಕದಲ್ಲಿ ಓದುಗ ಯಾವಾಗಲೂ ಅರ್ಜುನನ ಜಾಗದಲ್ಲಿಯೇ ಕುಳಿತಿರುತ್ತಾನೆ. ಆ ಪೀಠ ಅವನಿಗೆ ಕೊಟ್ಟವರು ಯಾರು? ಗೀತೆಯಂತೂ ಕೊಟ್ಟಿಲ್ಲ.

ತಿಲಕರು ತಮ್ಮ ‘ಗೀತಾರಹಸ್ಯ’ದಲ್ಲಿ ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರ ಹಳೆಯ ಒರೆಗಲ್ಲನ್ನು ಬಳಸುತ್ತಾರೆ. ಉಪಕ್ರಮ ಏನು, ಉಪಸಂಹಾರ ಏನು, ನಡುವೆ ಮತ್ತೆಮತ್ತೆ ಬರುವುದೇನು, ಕೊನೆಗೆ ದೊರೆತ ಫಲವೇನು ಎಂದು ನೋಡಬೇಕು ಎಂಬುದು ಆ ವಿಧಾನ. ಅರ್ಜುನ ಯುದ್ಧ ಬೇಡವೆಂದು ಕುಳಿತದ್ದು ಮೊದಲು, ಎದ್ದು ನಿಂತದ್ದು ಕೊನೆ. ಆದ್ದರಿಂದ ಗೀತೆ ಕರ್ಮಸಂನ್ಯಾಸವನ್ನು ಹೇಳದೆ ಕರ್ಮಯೋಗವನ್ನು ಹೇಳುತ್ತದೆ ಎಂದು ಅವರ ನಿರ್ಣಯ. ಒರೆಗಲ್ಲು ಒಳ್ಳೆಯದು. ಆದರೆ ಅದನ್ನು ಇನ್ನಷ್ಟು ಅಕ್ಷರಶಃ ಹಚ್ಚಿ ನೋಡಿದರೆ, ಗೀತೆಯ ಉಪಕ್ರಮ ಅರ್ಜುನನದಲ್ಲ. ಮೊದಲ ಶ್ಲೋಕ ಧೃತರಾಷ್ಟ್ರನದು.

ಪ್ರಚಲಿತ ಪಾಠದ 700 ಶ್ಲೋಕಗಳಲ್ಲಿ ಕೃಷ್ಣನ ಮಾತು 574, ಅರ್ಜುನನದು 84, ಸಂಜಯನದು 41, ಧೃತರಾಷ್ಟ್ರನದು ಒಂದೇ ಒಂದು. ಆ ಒಂದು ಶ್ಲೋಕದಲ್ಲಿ ಅವನು ತನ್ನ ಮಕ್ಕಳನ್ನು ‘ನನ್ನವರು’ ಎಂದೂ ತಮ್ಮನ ಮಕ್ಕಳನ್ನು ‘ಪಾಂಡವರು’ ಎಂದೂ ಬೇರೆ ಮಾಡಿ, ಅವರೇನು ಮಾಡಿದರು ಎಂದು ಕೇಳುತ್ತಾನೆ. ಕೇಳುವ ಹೊತ್ತು ಕೂಡ ಗಮನಾರ್ಹ. ಯುದ್ಧ ಆರಂಭವಾಗಿ ಹತ್ತು ದಿನಗಳಾಗಿವೆ, ಭೀಷ್ಮ ಬಿದ್ದಿದ್ದಾನೆ, ಆ ಸುದ್ದಿಯನ್ನು ಹೊತ್ತು ಸಂಜಯ ರಣರಂಗದಿಂದ ಬಂದಿದ್ದಾನೆ. ಆಗ ಮೊದಲಿನಿಂದ ಎಲ್ಲವನ್ನೂ ಹೇಳೆಂದು ಮುದುಕ ದೊರೆ ಕೇಳುತ್ತಾನೆ. ಅಂದಮೇಲೆ ಗೀತೆಯನ್ನು ಪೂರ್ತಿಯಾಗಿ ಕೇಳಿದ ಮನುಷ್ಯರಲ್ಲಿ ಅರ್ಜುನನೊಬ್ಬ, ಧೃತರಾಷ್ಟ್ರನೊಬ್ಬ. ನಡುವೆ ತಲಪಿಸಿದವನು ಸಂಜಯ. ಪುಸ್ತಕ ಹಿಡಿದು ಕುಳಿತ ನಮಗೂ ಗೀತೆ ಬರುವುದು ಸಂಜಯನ ಬಾಯಿಂದಲೇ. ಹಾಗಾದರೆ ನಾವು ಮೊದಲು ಕುಳಿತಿರುವುದು ಹಸ್ತಿನಾವತಿಯ ಅರಮನೆಯಲ್ಲಿ, ಧೃತರಾಷ್ಟ್ರನ ಪಕ್ಕದಲ್ಲಿ. ರಥದ ಮೇಲೆ ನಮಗೆ ಜಾಗವಿದೆಯೆ ಎಂಬುದು ಆಮೇಲಿನ ಮಾತು.

ಆ ಶ್ರೋತೃವಿಗೆ ಏನಾಯಿತು? ಸ್ಥಿತಪ್ರಜ್ಞನ ಲಕ್ಷಣ, ವಿಶ್ವರೂಪ, ದೈವೀ ಆಸುರೀ ಸಂಪತ್ತುಗಳ ವಿವರ, ಎಲ್ಲವೂ ಅವನ ಕಿವಿಯ ಮೇಲೆ ಬಿದ್ದವು. ಸಂಜಯ ಕೊನೆಯಲ್ಲಿ ಮೈ ಜುಮ್ಮೆಂದು ಮತ್ತೆಮತ್ತೆ ಹಿಗ್ಗುತ್ತಾನೆ. ದೊರೆಯಿಂದ ಒಂದು ಮಾತೂ ಹೊರಡುವುದಿಲ್ಲ. ಗೀತೆ ಮುಗಿದು, ಧರ್ಮರಾಯ ಹಿರಿಯರಿಗೆ ಕೈಮುಗಿದ ಪ್ರಸಂಗವೂ ಮುಗಿದ ಮೇಲೆ ಭೀಷ್ಮಪರ್ವದಲ್ಲಿ ಅವನ ಬಾಯಿಂದ ಬರುವ ಪ್ರಶ್ನೆ ಇದು: ನನ್ನವರೂ ಇತರರೂ ಹೀಗೆ ಸೇನೆ ಒಡ್ಡಿ ನಿಂತಾಗ ಮೊದಲು ಹೊಡೆದವರು ಯಾರು, ಕುರುಗಳೋ ಪಾಂಡವರೋ? ನನ್ನವರು, ಇತರರು ಎಂಬ ಗೆರೆ ಮೊದಲ ಶ್ಲೋಕದಲ್ಲಿ ಎಲ್ಲಿತ್ತೋ ಅಲ್ಲಿಯೇ ಇದೆ. ಏಳುನೂರು ಶ್ಲೋಕಗಳು ಅದನ್ನು ಒಂದು ಕೂದಲೆಳೆಯಷ್ಟೂ ಸರಿಸಿಲ್ಲ. ಅವನಿಗೆ ಗೀತೆ ಯುದ್ಧವಾರ್ತೆಯ ನಡುವೆ ಬಂದ ಒಂದು ಅಡಚಣೆಯಾಗಿತ್ತು ಅಷ್ಟೆ. ಶಾಸ್ತ್ರಶ್ರವಣ ಮಾತ್ರದಿಂದ ಮನುಷ್ಯ ಬದಲಾಗುತ್ತಾನೆ ಎನ್ನುವವರಿಗೆ ವ್ಯಾಸರು ಇಟ್ಟಿರುವ ಉತ್ತರ ಇದು ಎನ್ನದೆ ವಿಧಿಯಿಲ್ಲ.

ಈಗ ಅರ್ಜುನನ ಕಡೆ ತಿರುಗೋಣ. ಅವನ ರೋಗ ಧೃತರಾಷ್ಟ್ರನ ರೋಗಕ್ಕಿಂತ ಬೇರೆಯೇ? ವಿನೋಬಾರವರು ಇದನ್ನು ಚೆನ್ನಾಗಿ ಕಂಡರು. 1932ರ ಫೆಬ್ರವರಿಯಿಂದ ಜೂನ್‌ವರೆಗೆ ಧುಳೆಯ ಸೆರೆಮನೆಯಲ್ಲಿ, ಪ್ರತಿ ಭಾನುವಾರ ಒಂದರಂತೆ, ಹದಿನೆಂಟು ಅಧ್ಯಾಯಗಳ ಮೇಲೆ ಅವರು ಸಹಕೈದಿಗಳಿಗೆ ಮರಾಠಿಯಲ್ಲಿ ಮಾತನಾಡಿದರು; ಸಾನೆ ಗುರೂಜಿ ಅದನ್ನು ಬರೆದುಕೊಂಡರು. ಮೊದಲ ಪ್ರವಚನದಲ್ಲಿಯೇ ವಿನೋಬಾ ಒಬ್ಬ ನ್ಯಾಯಾಧೀಶನ ದೃಷ್ಟಾಂತ ಕೊಡುತ್ತಾರೆ. ನೂರಾರು ಜನರಿಗೆ ಗಲ್ಲುಶಿಕ್ಷೆ ವಿಧಿಸಿದವನ ಮುಂದೆ ಒಂದು ದಿನ ಸ್ವಂತ ಮಗನೇ ಅಪರಾಧಿಯಾಗಿ ಬಂದು ನಿಲ್ಲುತ್ತಾನೆ. ಆಗ ನ್ಯಾಯಾಧೀಶನಿಗೆ ಮರಣದಂಡನೆಯೇ ಅಮಾನುಷವೆಂಬ ತತ್ತ್ವ ಹೊಳೆಯುತ್ತದೆ. ಅರ್ಜುನನ ವೈರಾಗ್ಯ ಆ ಜಾತಿಯದು ಎಂದು ವಿನೋಬಾರ ಅಭಿಪ್ರಾಯ. ಅದುವರೆಗೆ ಎಷ್ಟೋ ಯುದ್ಧ ಮಾಡಿದ್ದವನಿಗೆ ಎದುರಿಗೆ ಸ್ವಜನರು ಕಂಡಾಗ ಮಾತ್ರ ಯುದ್ಧದ ದೋಷ ಕಂಡಿತು. ನಮ್ಮ ಡಿ.ವಿ.ಜಿ.ಯವರು ಅರ್ಜುನನ ಈ ಮರುಕವನ್ನು ‘ಪ್ರಾಕೃತ ಕಾರುಣ್ಯ’ ಎಂದು ಹೆಸರಿಸಿದ್ದೂ ಇದೇ ವಿವೇಕದಿಂದ: ಕರುಣೆಯೇನೋ ಹೌದು, ಆದರೆ ಇನ್ನೂ ಸಂಸ್ಕಾರಗೊಳ್ಳದ ಕರುಣೆ.

ಹಾಗಾದರೆ ದೊಡ್ಡಪ್ಪನಿಗೂ ಮಗನಿಗೂ ಇರುವುದು ಒಂದೇ ಕಾಯಿಲೆ, ‘ನನ್ನವರು’ ಎಂಬ ಕಾಯಿಲೆ. ಭೇದ ಇರುವುದು ಒಂದೇ ಕಡೆ. ಒಬ್ಬ ಸುದ್ದಿ ಕೇಳುತ್ತಾನೆ. ಇನ್ನೊಬ್ಬ ನನಗೆ ದಿಕ್ಕು ತೋಚದಾಗಿದೆ, ನಿನ್ನ ಶಿಷ್ಯನಾಗಿದ್ದೇನೆ ಎಂದು ಕೇಳುತ್ತಾನೆ. ಅರ್ಜುನನ ಪ್ರಶ್ನೆಗಳನ್ನು ಮಾತ್ರ ಬಿಡಿಸಿ ಸಾಲಾಗಿ ಇಟ್ಟುಕೊಂಡರೆ ಅದೊಂದು ಸಾಧಕನ ದಿನಚರಿಯಂತೆ ಕಾಣುತ್ತದೆ. ಸ್ಥಿತಪ್ರಜ್ಞ ಹೇಗೆ ಮಾತಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ? ಬೇಡವೆಂದರೂ ಬಲವಂತವಾಗಿ ನೂಕಿದಂತೆ ಮನುಷ್ಯ ಪಾಪ ಮಾಡುವುದು ಯಾತರಿಂದ? ಗಾಳಿಯಂತಿರುವ ಈ ಮನಸ್ಸನ್ನು ಹಿಡಿಯುವುದು ಹೇಗೆ? ನಡುದಾರಿಯಲ್ಲಿ ಜಾರಿಬಿದ್ದವನು ಚದುರಿದ ಮೋಡದಂತೆ ಎರಡೂ ಕಡೆ ಇಲ್ಲದಾಗುತ್ತಾನೆಯೆ? ಇವು ಒಂದರ ಹಿಂದೊಂದು ಆಳಕ್ಕಿಳಿಯುವ ಪ್ರಶ್ನೆಗಳು. ಭೀಷ್ಮನನ್ನು ಕೊಲ್ಲಲೇ ಬೇಡವೇ ಎಂಬಲ್ಲಿಂದ ಹೊರಟವನು ನಾನು ಎಂಥವನು ಎಂಬಲ್ಲಿಗೆ ಬಂದಿದ್ದಾನೆ. ಅಂತರಂಗದ ಓದು ಎಂದರೆ ಇದೇ ಇರಬೇಕು. ಅದಕ್ಕೆ ಕುರುಕ್ಷೇತ್ರವನ್ನು ಎದೆಯೊಳಗೆ ಎಳೆದು ತರಬೇಕಾಗಿಲ್ಲ. ಹೊರಗಿನ ಸಂಕಟವನ್ನು ಹೊರಗೇ ಇಟ್ಟುಕೊಂಡು, ಅದರ ಮುಂದೆ ನಿಂತ ತನ್ನನ್ನು ಪರೀಕ್ಷಿಸಿಕೊಂಡರೆ ಸಾಕು.

ಇಷ್ಟೆಲ್ಲ ಆದ ಮೇಲೆ ಅರ್ಜುನನಾದರೂ ಬದಲಾದನೆ? ಮೋಹ ಹೋಯಿತು, ನೆನಪು ಬಂದಿತು ಎಂದು ಹದಿನೆಂಟನೆಯ ಅಧ್ಯಾಯದಲ್ಲಿ ಅವನು ಹೇಳುತ್ತಾನೆ. ಅಲ್ಲಿಗೆ ಪುಸ್ತಕ ಮುಚ್ಚುವವರಿಗೆ ಮಹಾಭಾರತದ ಮುಂದಿನ ಪುಟಗಳು ತಿಳಿಯುವುದಿಲ್ಲ. ಹದಿಮೂರನೆಯ ದಿನ ಅಭಿಮನ್ಯು ಸಾಯುತ್ತಾನೆ. ಹುಟ್ಟಿದವನಿಗೆ ಸಾವು ತಪ್ಪಿದ್ದಲ್ಲ ಎಂಬ ಉಪದೇಶವನ್ನು ಕೃಷ್ಣನ ಬಾಯಿಂದಲೇ ಕೇಳಿದ್ದವನು ಶೋಕದಲ್ಲಿ ಕುದಿದು, ನಾಳೆ ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಬೆಂಕಿಗೆ ಬೀಳುತ್ತೇನೆಂದು ಶಪಥ ಮಾಡುತ್ತಾನೆ. ಯುದ್ಧವೆಲ್ಲ ಮುಗಿದ ಮೇಲೆ, ಅಶ್ವಮೇಧಿಕ ಪರ್ವದಲ್ಲಿ, ಒಂದು ದಿನ ಅವನು ಕೃಷ್ಣನೊಡನೆ ನೆಮ್ಮದಿಯಾಗಿ ಕುಳಿತಿದ್ದಾಗ ಹೇಳುತ್ತಾನೆ: ಅಂದು ನೀನು ಹೇಳಿದ್ದೆಲ್ಲ ಮರೆತುಹೋಗಿದೆ, ಇನ್ನೊಮ್ಮೆ ಹೇಳು. ಕೃಷ್ಣನಿಗೆ ಇದು ಹಿಡಿಸುವುದಿಲ್ಲ. ಅಂದು ಯೋಗದಲ್ಲಿದ್ದು ನುಡಿದದ್ದನ್ನು ಹಾಗೆಯೇ ಮತ್ತೆ ನುಡಿಯಲು ತನಗೂ ಆಗದೆಂದು ಹೇಳಿ ಬೇರೊಂದು ಉಪದೇಶ ಮಾಡುತ್ತಾನೆ. ಅನುಗೀತೆ ಹುಟ್ಟಿದ್ದು ಹೀಗೆ, ಶಿಷ್ಯನ ಮರೆವಿನಿಂದ. ಗೀತೆಯ ಪ್ರವಚನಕಾರರು ಈ ಪ್ರಸಂಗವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನನಗಾದರೋ ಇದರಲ್ಲಿ ಭರವಸೆ ಕಾಣುತ್ತದೆ. ಒಂದು ಸಲ ಕೇಳಿ ಪೂರ್ತಿ ಬದಲಾದ ಅರ್ಜುನ ನಮಗೆ ದೂರದವನಾಗುತ್ತಿದ್ದ. ಮನಸ್ಸನ್ನು ಅಭ್ಯಾಸ ವೈರಾಗ್ಯಗಳಿಂದ ಹಿಡಿಯಬೇಕೆಂದು ಆರನೆಯ ಅಧ್ಯಾಯ ಹೇಳುವಾಗ ‘ಅಭ್ಯಾಸ’ಕ್ಕೆ ಮೊದಲ ಸ್ಥಾನ ಏಕೆಂಬುದು ಇಲ್ಲಿ ಅರ್ಥವಾಗುತ್ತದೆ.

ಆಧುನಿಕ ಓದುಗರಲ್ಲಿ ಈ ಅಭ್ಯಾಸವನ್ನು ಗಾಂಧೀಜಿಯಷ್ಟು ಅಕ್ಷರಶಃ ನಡೆಸಿದವರು ವಿರಳ. ಕುರುಕ್ಷೇತ್ರವನ್ನು ಅಂತರಂಗದ ಯುದ್ಧವೆಂದು ಓದಿದವರಲ್ಲಿ ಅವರೇ ಪ್ರಮುಖರು. 1888-89ರಲ್ಲಿ ಗೀತೆಯ ಪರಿಚಯವಾದಾಗಲೇ ತನಗೆ ಹಾಗನ್ನಿಸಿತೆಂದು ‘ಅನಾಸಕ್ತಿಯೋಗ’ದ ಪ್ರಸ್ತಾವನೆಯಲ್ಲಿ ಬರೆದಿದ್ದಾರೆ. ಆದರೆ ಅವರ ಆತ್ಮಕಥೆ ಹೇಳುವುದನ್ನು ನೋಡಿ. 1903ರ ಹೊತ್ತಿಗೆ ಜೋಹಾನ್ಸ್‌ಬರ್ಗ್‌ನಲ್ಲಿ ಬೆಳಿಗ್ಗೆ ಹಲ್ಲುಜ್ಜುವ ಹದಿನೈದು ನಿಮಿಷಗಳಲ್ಲಿ, ಎದುರು ಗೋಡೆಗೆ ಶ್ಲೋಕದ ಚೀಟಿ ಅಂಟಿಸಿಕೊಂಡು, ಅವರು ಹದಿಮೂರು ಅಧ್ಯಾಯಗಳನ್ನು ಬಾಯಿಪಾಠ ಮಾಡಿದರು. ಅಪರಿಗ್ರಹ, ಸಮಭಾವ ಎಂಬ ಎರಡು ಮಾತುಗಳು ಅವರನ್ನು ಹಿಡಿದುಕೊಂಡವು. ವಕೀಲಿಯ ಪುಸ್ತಕದಲ್ಲಿ ಓದಿದ್ದ ಧರ್ಮದರ್ಶಿತ್ವದ ಕಲ್ಪನೆಯ ಬೆಳಕಿನಲ್ಲಿ ಅಪರಿಗ್ರಹವನ್ನು ಅರ್ಥ ಮಾಡಿಕೊಂಡು, ಅವರು ಮಾಡಿದ ಮೊದಲ ಕೆಲಸ ಮುಂಬಯಿಗೆ ಒಂದು ಪತ್ರ: ಅಲ್ಲಿ ತಮ್ಮ ಹೆಸರಿನಲ್ಲಿ ಮಾಡಿಸಿದ್ದ 10,000 ರೂಪಾಯಿಗಳ ಜೀವವಿಮೆಯನ್ನು ಬಿಟ್ಟುಬಿಡಿ ಎಂದು. ಊರಿನ ಅಣ್ಣನಿಗೆ ಇನ್ನು ಮುಂದೆ ಹಣ ಕಳಿಸಲಾರೆ, ಉಳಿದದ್ದು ಸಮುದಾಯಕ್ಕೆ ಎಂದು ಇನ್ನೊಂದು ಪತ್ರ. ಅಣ್ಣ ನೊಂದು, ಮುನಿದು, ಪತ್ರವ್ಯವಹಾರವನ್ನೇ ನಿಲ್ಲಿಸಿಬಿಟ್ಟರು. ಅವರ ಮನಸ್ಸು ತಿಳಿಯಾದದ್ದು ಕೊನೆಗಾಲದಲ್ಲಿ.

ಇಲ್ಲಿ ವಿಮರ್ಶಕ ಎರಡು ಮಾತು ಹೇಳಬೇಕು. ಒಂದು, ಗಾಂಧೀಜಿಯ ಒಳಯುದ್ಧದ ಓದಿಗೆ ಬಲ ಬಂದದ್ದು ರೂಪಕದಿಂದಲ್ಲ, ಈ ಪತ್ರಗಳಿಂದ. ‘ಅನಾಸಕ್ತಿಯೋಗ’ದ ಪ್ರಸ್ತಾವನೆಯನ್ನು ಅವರು 1929ರ ಜೂನ್‌ನಲ್ಲಿ ಕೌಸಾನಿಯಲ್ಲಿ ಬರೆದರು, ಪುಸ್ತಕ ಹೊರಬಂದದ್ದು 1930ರ ಮಾರ್ಚ್ 12ರಂದು, ದಂಡಿಯಾತ್ರೆ ಹೊರಟ ದಿನ. ಗೀತೆಯ ಅಕ್ಷರಾರ್ಥ ಯುದ್ಧಕ್ಕೆ ಹೊಂದುತ್ತದೆ ಎಂದು ಒಪ್ಪಿಕೊಳ್ಳಲು ಅಲ್ಲಿ ಅವರು ಹಿಂಜರಿಯುವುದಿಲ್ಲ. ಆದರೆ ಅದರ ಬೋಧನೆಯನ್ನು ನಲವತ್ತು ವರ್ಷ ಬಾಳಿನಲ್ಲಿ ನಡೆಸಲು ಯತ್ನಿಸಿದ ಮೇಲೆ, ಸಂಪೂರ್ಣ ಅಹಿಂಸೆಯಿಲ್ಲದೆ ಕರ್ಮಫಲತ್ಯಾಗ ಅಸಾಧ್ಯವೆಂದು ತನಗೆ ಕಂಡಿದೆ ಎನ್ನುತ್ತಾರೆ. ಇದು ಪಾಂಡಿತ್ಯದ ವಾದವಲ್ಲ, ನಲವತ್ತು ವರ್ಷದ ಲೆಕ್ಕ. ಆ ಲೆಕ್ಕವಿಲ್ಲದೆ ಅದರ ಮೊತ್ತವನ್ನು ಮಾತ್ರ ನಾವು ಎರವಲು ತಂದರೆ ಅದು ನಮ್ಮದಾಗದು. ಇನ್ನೊಂದು, ಆತ್ಮಪರಿವರ್ತನೆಯ ಬೆಲೆಯನ್ನು ಪರಿವರ್ತಿತನಾದವನೊಬ್ಬನೇ ತೆರುವುದಿಲ್ಲ. ವಿಮೆ ಬಿಟ್ಟದ್ದು ಗಾಂಧೀಜಿಯ ನಿರ್ಧಾರ, ಆದರೆ ಆ ಹಣ ನಿಂತಿದ್ದುದು ಕಸ್ತೂರಬಾ ಮತ್ತು ಮಕ್ಕಳ ಹೆಸರಿನ ನೆರಳಿಗೆ. ‘ನನ್ನವರು’ ಎಂಬ ಮೋಹ ಬಿಡುವುದಕ್ಕೂ ನನ್ನನ್ನು ನಂಬಿದವರನ್ನು ಕೇಳದೆ ನಿರ್ಧರಿಸುವುದಕ್ಕೂ ನಡುವಿನ ಗೆರೆ ತೀರ ತೆಳುವಾದದ್ದು. ಮುಚ್ಚುಮರೆಯಿಲ್ಲದೆ ಬರೆದ ಆತ್ಮಕಥೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ನಾವು ಭಕ್ತಿಯ ಭರದಲ್ಲಿ ಅದನ್ನು ದಾಟಿಹೋಗಬಾರದು.

ತಿಲಕರಲ್ಲಿ ಈ ಅಪಾಯವಿಲ್ಲ, ಬೇರೊಂದಿದೆ. 1908ರಲ್ಲಿ ಶಿಕ್ಷೆಯಾಗಿ ಮಂಡಾಲೆಗೆ ಹೋದ ಅವರು ಅಲ್ಲಿ 1910-11ರ ಚಳಿಗಾಲದಲ್ಲಿ ಬರೆದ ‘ಗೀತಾರಹಸ್ಯ’ 1915ರಲ್ಲಿ ಪ್ರಕಟವಾಯಿತು. ಆಲೂರು ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದರು. ಸಂನ್ಯಾಸದ ಕಡೆ ವಾಲಿದ್ದ ಗೀತೆಯನ್ನು ಲೋಕಸಂಗ್ರಹದ ಕಡೆ ತಿರುಗಿಸಿದ ಕೀರ್ತಿ ಅದರದು. ಆದರೆ ಕರ್ಮ ಮಾಡಬೇಕೆಂದು ಸಾಧಿಸುವ ಉತ್ಸಾಹದಲ್ಲಿ, ಮಾಡುವವನ ಒಳಗು ಎಂಥದಾಗಬೇಕೆಂಬುದು ವಾದದ ಒಂದು ಭಾಗವಾಗಿ ಹಿಂದೆ ಸರಿಯುತ್ತದೆ. ಡಿ.ವಿ.ಜಿ.ಯವರ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. ಇವೆರಡರ ನಡುವೆ ಸಂಸಾರಿಯ ಹಾದಿಯೊಂದನ್ನು ಅದು ತೆರೆಯುತ್ತದೆ. ಮನೆ, ವೃತ್ತಿ, ನೆರೆಹೊರೆಗಳೇ ಅಲ್ಲಿ ಸಾಧನೆಯ ನೆಲ. ಕನ್ನಡಿಗರಿಗೆ ಇದಕ್ಕಿಂತ ಆಪ್ತವಾದ ಗೀತಾಗ್ರಂಥ ನನಗೆ ತಿಳಿದಿಲ್ಲ. ಆದರೆ ಸ್ವಧರ್ಮವೆಂದರೆ ನಾವು ಈಗಾಗಲೇ ಮಾಡುತ್ತಿರುವುದೇ ಎಂಬ ಸಮಾಧಾನವನ್ನು ಅದರಿಂದ ಪಡೆದುಕೊಳ್ಳುವ ಸೋಮಾರಿ ಓದುಗನೂ ಉಂಟು. ಆ ಹೊಣೆ ಗ್ರಂಥದ್ದಲ್ಲ, ಓದುಗನದು.

ಈ ಸಮಾಧಾನವನ್ನು ಕದಡುವ ಒಂದು ಓದನ್ನು ಇಲ್ಲಿ ನೆನೆಯಲೇಬೇಕು. ಡಾ. ಅಂಬೇಡ್ಕರರು ಮುಗಿಸದೆ ಬಿಟ್ಟಿದ್ದ ಬರಹಗಳನ್ನು ಮಹಾರಾಷ್ಟ್ರ ಸರ್ಕಾರ 1987ರಲ್ಲಿ ಅವರ ಸಮಗ್ರ ಬರಹಗಳ ಮೂರನೆಯ ಸಂಪುಟದಲ್ಲಿ ಪ್ರಕಟಿಸಿತು. ಅಲ್ಲಿ ಅವರು ಗೀತೆಯನ್ನು ಚಾತುರ್ವರ್ಣ್ಯಕ್ಕೆ ತಾತ್ತ್ವಿಕ ಸಮರ್ಥನೆ ಒದಗಿಸಿದ ಗ್ರಂಥವೆಂದು ವಿಮರ್ಶಿಸಿದ್ದಾರೆ. ಒಳಗಿನ ಓದು ತನಗೆ ಈ ಆಕ್ಷೇಪ ಸಂಬಂಧಿಸಿದ್ದಲ್ಲವೆಂದು ಜಾರಿಕೊಳ್ಳುವುದು ಸುಲಭ. ವರ್ಣವೆಂದರೆ ಗುಣ ಎಂದು ಹೇಳಿದರಾಯಿತು. ಹಾಗೆ ಜಾರಿಕೊಂಡರೆ ನಾವು ಮತ್ತೆ ಧೃತರಾಷ್ಟ್ರನ ಪಕ್ಕದಲ್ಲಿಯೇ ಕುಳಿತಂತೆ. ಬ್ರಾಹ್ಮಣನಲ್ಲಿಯೂ ಶ್ವಪಚನಲ್ಲಿಯೂ ಪಂಡಿತರು ಸಮವನ್ನೇ ಕಾಣುತ್ತಾರೆಂದು ಐದನೆಯ ಅಧ್ಯಾಯ ಹೇಳುತ್ತದೆ. ಇತರರ ಸುಖದುಃಖವನ್ನು ತನ್ನದನ್ನು ಅಳೆದಂತೆ ಅಳೆಯುವವನೇ ಶ್ರೇಷ್ಠ ಯೋಗಿ ಎಂದು ಆರನೆಯದು. ಈ ಶ್ಲೋಕಗಳನ್ನು ಕಣ್ಣುಮುಚ್ಚಿ ಪಠಿಸಿದ ಮನೆಯಲ್ಲಿ ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಚಹಾ ಕೊಡುವ ಲೋಟ ಬೇರೆಯೇ ಇದ್ದರೆ, ಆ ಮನೆಯಲ್ಲಿ ಗೀತೆ ಓದಿದವರು ಯಾರು ಎಂದು ಕೇಳಬೇಕಾಗುತ್ತದೆ. ಅಂಬೇಡ್ಕರರಿಗೆ ಉತ್ತರ ಕೊಡಬೇಕಾದದ್ದು ಭಾಷ್ಯದಿಂದಲ್ಲ, ಆ ಲೋಟದಿಂದ.

ಹೊರನಾಡಿನ ಕನ್ನಡಿಗರಾದ ನಮಗೆ ಗೀತೆಯೊಡನೆ ನಂಟು ಗಟ್ಟಿಯಾಗಿದೆ. ಸಂಘಗಳಲ್ಲಿ ಗೀತಾ ತರಗತಿಗಳು ನಡೆಯುತ್ತವೆ, ಮಕ್ಕಳು ಹದಿನೈದನೆಯ ಅಧ್ಯಾಯದ ಇಪ್ಪತ್ತು ಶ್ಲೋಕಗಳನ್ನು ತಪ್ಪಿಲ್ಲದೆ ಒಪ್ಪಿಸಿ ಬಹುಮಾನ ಪಡೆಯುತ್ತಾರೆ. ಇದನ್ನು ಹಗುರವಾಗಿ ಕಾಣಬಾರದು. ಸ್ವಾಧ್ಯಾಯದ ಅಭ್ಯಾಸವನ್ನು ಗೀತೆ ಹದಿನೇಳನೆಯ ಅಧ್ಯಾಯದಲ್ಲಿ ವಾಙ್ಮಯ ತಪಸ್ಸಿನಲ್ಲಿ ಸೇರಿಸಿದೆ. ಆದರೆ ಅದೇ ಶ್ಲೋಕದಲ್ಲಿ ಅದರ ಜೊತೆಗೆ ಇಟ್ಟಿರುವುದು ಯಾರನ್ನೂ ಕೆರಳಿಸದ, ಸತ್ಯವೂ ಪ್ರಿಯವೂ ಹಿತವೂ ಆದ ಮಾತು. ಪಾರಾಯಣ ಮುಗಿಸಿ ಎದ್ದವರ ಮಾತು ಮನೆಯಲ್ಲಿ ಹೇಗಿದೆ ಎಂಬುದೂ ಪಾರಾಯಣದ ಭಾಗವೇ ಎಂದಾಯಿತು. ತರಗತಿಗಳಲ್ಲಿ ಶ್ಲೋಕದ ಜೊತೆಗೆ ಅರ್ಜುನನ ಪ್ರಶ್ನೆಗಳನ್ನೂ ಕಲಿಸಿದರೆ, ಮಕ್ಕಳಿಗೆ ತಮ್ಮದೇ ಪ್ರಶ್ನೆ ಕೇಳಲು ಬಿಟ್ಟರೆ, ಭೀಷ್ಮಪರ್ವದ ಮುಂದಿನ ಪುಟವನ್ನೂ ಒಮ್ಮೆ ತಿರುವಿಸಿದರೆ ಒಳ್ಳೆಯದು.

ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಕೃಷ್ಣ ಅರ್ಜುನನಿಗೆ ಹೇಳುವುದು, ಇದನ್ನು ಪೂರ್ತಿಯಾಗಿ ವಿಮರ್ಶಿಸಿ ನೋಡಿ ನಿನಗೆ ತೋರಿದಂತೆ ಮಾಡು ಎಂದು. ಅಷ್ಟು ಸ್ವಾತಂತ್ರ್ಯವನ್ನು ಕೊಟ್ಟ ಗ್ರಂಥ ನಮ್ಮಿಂದ ಅಪೇಕ್ಷಿಸುವುದು ಒಪ್ಪಿಗೆಗಿಂತ ಹೆಚ್ಚಾಗಿ ಪ್ರಾಮಾಣಿಕತೆಯನ್ನು. ಇಂದು ಸಂಜೆ ಪುಸ್ತಕ ತೆರೆಯುವವರು, ನಾನು ‘ನನ್ನವರು’ ಎಂದು ಎಳೆದಿರುವ ಗೆರೆ ಎಲ್ಲಿದೆ ಎಂದು ಮೊದಲ ಶ್ಲೋಕದಲ್ಲಿಯೇ ನಿಂತು ಕೇಳಿಕೊಳ್ಳಲಿ. ಉಳಿದ 699 ಶ್ಲೋಕಗಳು ಆ ಪ್ರಶ್ನೆಗಾಗಿ ಕಾದಿವೆ.